ವಾಪಸ್ ಬಂದ ಗಂಟೆ

ನನ್ನ ಬಾಯಿ ಬೊಂಬಾಯಿ ಎಂದು ಊರಿಗೆಲ್ಲ ಗೊತ್ತು. ಹೆಸರು ಜಪಮಾಲಮ್ಮ, ಆದರೆ ಜಪಕ್ಕಿಂತ ಮಾತೇ ಜಾಸ್ತಿ ಎಂದು ನನ್ನ ಗಂಡ ಬದುಕಿದ್ದಷ್ಟು ದಿನವೂ ಹಂಗಿಸುತ್ತಿದ್ದರು. ಚರ್ಚಿನ ಅಂಗಳ ಗುಡಿಸುವುದು, ಹೂದಾನಿಯ ನೀರು ಬದಲಾಯಿಸುವುದು, ಪೂಜೆಯ ಹೊತ್ತಿಗೆ ಗಂಟೆ ಹೊಡೆಯುವುದು ನನ್ನ ಕೆಲಸ. ಗಂಟೆ ಎಂದರೆ ನಿಜವಾದ ಗಂಟೆಯಲ್ಲ. ಹಳೆಯ ಗಂಟೆ ನಮ್ಮತ್ತೆಯ ಕಾಲದಲ್ಲೇ ಸೀಳಿಹೋಗಿತ್ತು. ಅದರ ಬದಲು ಹುಣಸೆಮರಕ್ಕೆ ರೈಲು ಹಳಿಯ ಒಂದು ತುಂಡನ್ನು ನೇತುಹಾಕಿದ್ದರು. ಸುತ್ತಿಗೆಯಲ್ಲಿ ಬಡಿದರೆ ಕುಲುಮೆಯ ಸದ್ದು ಬರುತ್ತಿತ್ತೇ ಹೊರತು ದೇವರ ಮನೆಯ ಸದ್ದು ಬರುತ್ತಿರಲಿಲ್ಲ. ಇಂಥ ಬಾಯಿಬಡಕಿಯಾದ ನಾನು ಒಂದು ವಿಷಯವನ್ನು ಎರಡು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಇವತ್ತು ಹೇಳಿಬಿಡುತ್ತೇನೆ, ಆದರೆ ನನ್ನದೇ ರೀತಿಯಲ್ಲಿ. ನಡುನಡುವೆ ಉಸಿರು ಎಳೆದುಕೊಳ್ಳಲು ನಿಂತರೆ ಅವಸರ ಮಾಡಬೇಡಿ, ಅದಕ್ಕೊಂದು ಕಾರಣ ಇದೆ.

ನಮ್ಮೂರಿನಲ್ಲಿ ಯಾರಾದರೂ ಏನಾದರೂ ದಾನ ಕೊಟ್ಟರೆ, ಕೊಟ್ಟವರ ಹೆಸರೂ ಕೊಟ್ಟ ವಸ್ತುವಿನ ಹೆಸರೂ ಒಂದೇ ಉಸಿರಿನಲ್ಲಿ ಯಾರ ಬಾಯಿಗೂ ಬರಬಾರದು. ಬಂತೋ, ಮರುದಿನ ಬೆಳಗಾಗುವಷ್ಟರಲ್ಲಿ ಆ ವಸ್ತು ಕೊಟ್ಟವರ ಅಂಗಳಕ್ಕೆ ವಾಪಸ್ ಹೋಗಿ ಕೂತಿರುತ್ತದೆ. ಕೊಂಡದ್ದಕ್ಕೂ ಎರವಲು ತಂದದ್ದಕ್ಕೂ ಈ ಕಾಟವಿಲ್ಲ. ನನ್ನ ಮದುವೆಯಲ್ಲಿ ಹೊಸ ಸೀರೆ ಉಟ್ಟ ಸಂಭ್ರಮಕ್ಕೆ, "ಈ ಸೀರೆ ನಮ್ಮ ಸೋದರಮಾವ ಕೊಡ್ಸಿದ್ದು ಕಣೇ" ಎಂದು ಗೆಳತಿಗೆ ಹೇಳಿಬಿಟ್ಟೆ. ಬೆಳಿಗ್ಗೆ ಸೀರೆ ಮಾವನ ಕೊಟ್ಟಿಗೆಯ ಮುಂದೆ ಕರುವಿನ ಪಕ್ಕ ಮಡಿಸಿಕೊಂಡು ಬಿದ್ದಿತ್ತು. ತಿಂದದ್ದು ಮಾತ್ರ ವಾಪಸ್ ಹೋಗುವುದಿಲ್ಲ, ಹಾಗಾಗಿ ನಮ್ಮಲ್ಲಿ ಮೊದಲು ತಿಂದು ಮುಗಿಸಿ ಆಮೇಲೆ ಹೊಗಳುತ್ತಾರೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿ ಹೇಳಿದ್ದನ್ನು ಬೇರೆ ಊರಿನವರು ಭಾನುವಾರ ಕೇಳಿ ಸೋಮವಾರ ಮರೆಯಬಹುದು. ನಮಗೆ ಆ ಸವಲತ್ತಿಲ್ಲ. ಕೊಡಬೇಕೆಂದಿದ್ದವರು ಯಾರೂ ಇಲ್ಲದಾಗ ಬಾಗಿಲ ಮುಂದೆ ಇಟ್ಟು ಬರುತ್ತಾರೆ. ಸಿಕ್ಕವರು ಬೀದಿಗೆಲ್ಲ ಕೇಳುವಂತೆ ಬೈಯುತ್ತಾರೆ. ನಮ್ಮೂರಿನಲ್ಲಿ ಬೈಯುವುದೇ ಉಪಕಾರ ಸ್ಮರಣೆ. ನನ್ನ ಪಕ್ಕದ ಮನೆಯ ಮುದುಕಿ ಮಾರ್ಥಮ್ಮನಂತೂ ಇದರಲ್ಲಿ ಎತ್ತಿದ ಕೈ. ಒಂದು ಚಳಿಗಾಲದಲ್ಲಿ ಬಾಗಿಲಲ್ಲಿ ಕಂಬಳಿ ಸಿಕ್ಕಾಗ ಅವಳು, "ಯಾವ ಹಾಳಾದೋರು ತಂದಿಟ್ರೋ, ಅವ್ರಿಗೆ ಬೇರೆ ಕೆಲಸ ಇಲ್ವಾ, ಮುಂಡೇವು! ನಾನೇನು ಚಳಿಗೆ ಸತ್ತೋಗ್ತಿದ್ನಾ?" ಎಂದು ಅರ್ಧ ಗಂಟೆ ಕೂಗಿ, ಕಂಬಳಿ ಹೊದ್ದುಕೊಂಡು ಅಳುತ್ತಾ ಮಲಗಿದಳು.

ಇದರಿಂದ ಇನ್ನೊಂದು ಫಜೀತಿಯೂ ಇದೆ. ಯಾರು ಒಳ್ಳೆಯವರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೆಟ್ಟಿಲ ಮೇಲೆ ಕೂತು ಭಿಕ್ಷೆ ಬೇಡುವ ಕುಂಟನಿಗೂ ನಾವು ಮರ್ಯಾದೆ ಕೊಟ್ಟೇ ಮಾತಾಡುತ್ತೇವೆ. ಯಾರಿಗೆ ಗೊತ್ತು, ಹೋದ ವರ್ಷ ನಮ್ಮ ಮಗುವಿಗೆ ಜ್ವರ ಬಂದಾಗ ಬಾಗಿಲಲ್ಲಿ ಕಿತ್ತಳೆ ಇಟ್ಟು ಹೋದವನು ಅವನೇ ಇರಬಹುದು.

ಈ ಏರ್ಪಾಟು ಸುತರಾಂ ಹಿಡಿಸದಿದ್ದವರು ಒಬ್ಬರೇ, ಇನ್ನಾಸಪ್ಪನವರು. ಹೆಂಚಿನ ಕಾರ್ಖಾನೆಯ ಯಜಮಾನರು, ಬಿಳಿ ಮೀಸೆ, ಮುಂದೆ ಮುಂದೆ ನಡೆಯುವ ಹೊಟ್ಟೆ. ಊರಿನ ಅರ್ಧ ಮಾಡು ಅವರ ಹೆಂಚಿನದು. ಚರ್ಚಿನಲ್ಲಿ ಮೊದಲ ಬೆಂಚು ಅವರದೇ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. "ದೇವ್ರು ಕುರುಡನಲ್ಲ ಕಣಮ್ಮಾ. ಯೋಗ್ಯತೆ ನೋಡೇ ಕೊಡ್ತಾನೆ. ಐಶ್ವರ್ಯ ಅಂದ್ರೆ ಅವನು ಹೊಡೆದ ಮೊಹರು" ಎನ್ನುತ್ತಿದ್ದರು. ಐಶ್ವರ್ಯವಂತ ಸ್ವರ್ಗ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ತೂರುವುದು ಸುಲಭ ಎಂಬ ಮಾತು ಸ್ವಾಮಿಗಳ ಪ್ರಸಂಗದಲ್ಲಿ ಬಂದ ದಿನ ನಾನು ಬೇಕೆಂದೇ ಕೆಣಕಿದೆ. ಅವರು ಮೀಸೆ ತಿರುವಿ, "ಅದಕ್ಕೇನಂತೆ, ದೊಡ್ಡ ಸೂಜಿ ಮಾಡಿಸಿದ್ರಾಯ್ತು" ಎಂದರು. ಗುಟ್ಟಾಗಿ ಕೊಡುವುದು ಕಳ್ಳರ ಕೆಲಸ ಎಂಬುದು ಅವರ ವಾದ. ಆದ್ದರಿಂದ ಎಲ್ಲವನ್ನೂ ಹೆಸರು ಹೇಳಿಯೇ ಕೊಡುತ್ತಿದ್ದರು, ಎಲ್ಲವೂ ವಾಪಸ್ ಬರುತ್ತಿತ್ತು. ಅವರ ಅಂಗಳದಲ್ಲಿ ಶಾಲೆಯ ಬೆಂಚು, ಚರ್ಚಿನ ಫ್ಯಾನು, ಅನಾಥಾಲಯದ ತೊಟ್ಟಿಲು ಎಲ್ಲ ಸಾಲಾಗಿ ನಿಂತಿದ್ದವು. ನಾವು ಆ ಅಂಗಳಕ್ಕೆ ವಾಪಸ್ ಸಂತೆ ಎಂದು ಹೆಸರಿಟ್ಟಿದ್ದೆವು.

ಅವರ ಹೆಂಡತಿ, ನನ್ನ ಗೆಳತಿ ಲೂರ್ದಮ್ಮ, ಅದಕ್ಕೆ ತದ್ವಿರುದ್ಧ. ತೆಳ್ಳಗೆ, ಮೆಲ್ಲಗೆ, ಯಾರಿಗೂ ಏನನ್ನೂ ಕೊಟ್ಟ ಹೆಸರಿಲ್ಲ. ಜಿಪುಣಿ ಎಂದು ಕೆಲವರು ಅಂದುಕೊಂಡಿದ್ದೂ ಉಂಟು. ಯೇಸುಸ್ವಾಮಿ ಸತ್ತು ಎದ್ದುಬಂದ ಪಾಸ್ಕ ಹಬ್ಬಕ್ಕೆ ಇನ್ನೂ ಎರಡು ತಿಂಗಳಿರುವಾಗ ಆಕೆ ತೀರಿಕೊಂಡರು. ಸಾಯುವ ಮೊದಲು ಗಂಡನ ಕೈ ಹಿಡಿದು ಹೇಳಿದ್ದನ್ನು ಪಕ್ಕದಲ್ಲೇ ಇದ್ದ ನಾನೂ ಕೇಳಿದೆ. "ಆ ಹಳಿ ಸದ್ದು ಕೇಳಿ ಕೇಳಿ ಸಾಕಾಯ್ತು ರೀ. ಒಂದು ಪಾಸ್ಕಕ್ಕಾದ್ರೂ ನಮ್ಮ ಚರ್ಚಲ್ಲಿ ಕಂಚಿನ ಸದ್ದು ಕೇಳಿಸ್ಬೇಕು. ನೀವೇ ಮಾಡ್ಬೇಕು." ಇನ್ನಾಸಪ್ಪನವರು ಆಣೆ ಮಾಡಿದರು. ಆ ದಿನ ಅವರು ಅತ್ತದ್ದನ್ನು ನೋಡಿ ನನಗೆ ಅವರ ಮೇಲಿದ್ದ ಕೋಪವೆಲ್ಲ ಇಳಿದುಹೋಯಿತು.

ಕಂಚಿನ ಸದ್ದು ಎಂದರೆ ಗಂಟೆ ತಾನೆ? ಅವರೂ ಹಾಗೇ ತಿಳಿದರು, ನಾನೂ ಹಾಗೇ ತಿಳಿದೆ. ರಾಗಿ ಕಲ್ಲಿಗಿಂತ ದಪ್ಪನೆಯ ಗಂಟೆ ಎರಕ ಹೊಯ್ಸಿ ತಂದರು. ಅದರ ಮೈಮೇಲೆ ಬೆರಳುದ್ದದ ಅಕ್ಷರದಲ್ಲಿ ದಾನಿಗಳ ಹೆಸರು. ಗಂಟೆ ಕಟ್ಟಿದ ದಿನ ಶಾಲೆಯ ಮೇಷ್ಟ್ರು ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿಯೇಬಿಟ್ಟರು. ಮರುದಿನ ಗಂಟೆ ವಾಪಸ್ ಸಂತೆಯಲ್ಲಿತ್ತು. ಅಕ್ಷರ ಉಜ್ಜಿಸಿ ಎರಡನೇ ಸಲ ಕಟ್ಟಿದರು. ಆಗಷ್ಟೇ ವರ್ಗವಾಗಿ ಬಂದಿದ್ದ ಜ್ಞಾನಪ್ರಕಾಶ ಸ್ವಾಮಿಗಳಿಗೆ ಊರಿನ ರೀತಿ ಗೊತ್ತಿರಲಿಲ್ಲ. ಪೀಠದ ಮುಂದೆ ನಿಂತು, "ಈ ಸುಂದರವಾದ ಗಂಟೆಯನ್ನು ಕೊಟ್ಟ ಶ್ರೀಮಾನ್ ಇನ್ನಾಸಪ್ಪನವರಿಗೆ ವಂದನೆಗಳು" ಎಂದುಬಿಟ್ಟರು. ಇಡೀ ಚರ್ಚು ಅಯ್ಯಯ್ಯೋ ಎಂದಿತು. ಸ್ವಾಮಿಗಳು ಭಕ್ತಿಯ ಉದ್ಗಾರ ಎಂದು ತಿಳಿದು ಇನ್ನೊಮ್ಮೆ ಹೇಳಿದರು.

ಮೂರನೇ ಸಲ ಎಲ್ಲರೂ ಬಾಯಿ ಹೊಲಿದುಕೊಂಡೆವು. ಹದಿಮೂರು ದಿನ ಗಂಟೆ ನಿಂತಿತು. ಅದರ ಹಗ್ಗ ಎಳೆದಾಗ ನನ್ನ ಎದೆಯ ಒಳಗೇ ಯಾರೋ ಹಾಡಿದಂತಾಗುತ್ತಿತ್ತು. ಹದಿಮೂರನೇ ದಿನ ಬಳೆ ಮಾರುವವಳೊಬ್ಬಳು ಮರದ ಕೆಳಗೆ ಕೂತು, "ಎಷ್ಟು ಚೆನ್ನಾಗೈತಮ್ಮಾ ಗಂಟೆ, ಯಾರು ಕೊಡ್ಸಿದ್ದು?" ಎಂದಳು. ನನ್ನ ಹಾಳು ಬಾಯಿ! "ನಮ್ಮ ಇನ್ನಾಸಪ್ಪನೋರ ಗಂಟೆ ಅಲ್ವಾ ಇದು" ಎಂದು ಹೆಮ್ಮೆಯಿಂದ ಅಂದೆ. ಅಂದಮೇಲೆ ಬಾಯಿಗೆ ಬಡಿದುಕೊಂಡರೆ ಏನು ಬಂತು? ಬೆಳಿಗ್ಗೆ ಬರೀ ಕೊಂಡಿ ತೂಗಾಡುತ್ತಿತ್ತು, ಹಳಿಯನ್ನೇ ಮತ್ತೆ ನೇತುಹಾಕಿದೆವು.

ಬೈಸಿಕೊಳ್ಳಲು ತಯಾರಾಗಿ ನಾನೇ ಅವರ ಮನೆಗೆ ಹೋದೆ. ಅವರು ಗಂಟೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಬೈಯಲಿಲ್ಲ. "ನಿನ್ನದೇನು ತಪ್ಪಿಲ್ಲ ಬಿಡು ಜಪಮಾಲಮ್ಮ. ನನ್ನದು ದೇವ್ರಿಗೆ ಬೇಡ್ವಾಗಿದೆ. ಇಷ್ಟು ದಿನ ಮೊಹರು ಅಂತಿದ್ನಲ್ಲಾ, ಅದು ಮೊಹರಲ್ಲ, ಕಳಂಕ ಇರ್ಬೇಕು. ಇವಳಿಗೆ ಕೊಟ್ಟ ಮಾತೊಂದನ್ನೂ ಉಳಿಸ್ಕೊಳ್ಳೋಕಾಗದ ಮೇಲೆ ನಾನೆಂಥ ಮನುಷ್ಯ?" ಎಂದರು. ನಾನು ಸೆರಗಿನಿಂದ ಗಂಟೆಯ ಮೇಲಿನ ಧೂಳು ಒರೆಸಿ ಎದ್ದು ಬಂದೆ.

ಅಷ್ಟರಲ್ಲಿ ಲೂರ್ದಮ್ಮನ ವರ್ಷದ ಪೂಜೆ ಬಂತು. ಊರಿಗೆಲ್ಲ ಊಟ. ಅಡುಗೆಯ ದೊಡ್ಡ ಪಾತ್ರೆ ಇಳಿಸಲು ಅಟ್ಟ ಹತ್ತಿದ ಇನ್ನಾಸಪ್ಪನವರು ಖಾಲಿ ಕೈಯಲ್ಲಿ ಇಳಿದು ಬಂದರು. "ಕಳ್ಳತನ! ಅಟ್ಟದಲ್ಲಿ ಒಂದು ಚೊಂಬೂ ಇಲ್ಲ!" ಎಂದು ಕೂಗಿದರು. ನಾವು ಹೆಂಗಸರು ಮಾತಾಡದೆ ಮನೆಗೆ ಹೋಗಿ ನಮ್ಮ ನಮ್ಮ ಪಾತ್ರೆ ತಂದೆವು. ಒಬ್ಬಳು ಕೊಪ್ಪರಿಗೆ, ಒಬ್ಬಳು ತಪ್ಪಲೆ, ಒಬ್ಬಳು ಅನ್ನ ಬಸಿಯುವ ಕುಕ್ಕೆ. ಮಾರ್ಥಮ್ಮ ಉರುಳಿಸಿಕೊಂಡು ಬಂದ ಹಂಡೆಯ ಹೊಟ್ಟೆಯಲ್ಲಿ ಒಂದು ತಗ್ಗು ಇತ್ತು. ಯೌವನದಲ್ಲಿ ಸಿಟ್ಟು ಬಂದು ಯಾರೋ ಒದ್ದ ತಗ್ಗು. ಇನ್ನಾಸಪ್ಪನವರು ಆ ತಗ್ಗಿನ ಮೇಲೆ ಕೈ ಇಟ್ಟು ನಿಂತುಬಿಟ್ಟರು. ಆಮೇಲೆ ಒಂದೊಂದೇ ಪಾತ್ರೆ ನೋಡುತ್ತಾ ಬಂದರು.

"ಇವೆಲ್ಲ ನಿಮ್ಗೆ ಎಲ್ಲಿಂದ ಬಂದ್ವು?" ಎಂದು ಕೇಳಿದರು.

"ಗೊತ್ತಿಲ್ಲ" ಎಂದೆ ನಾನು.

"ಗೊತ್ತಿಲ್ಲ" ಎಂದಳು ಮಾರ್ಥಮ್ಮ. ಅಂಗಳದಲ್ಲಿದ್ದ ಹೆಂಗಸರೆಲ್ಲ ಗೊತ್ತಿಲ್ಲ, ಗೊತ್ತಿಲ್ಲ ಎಂದರು. ಇನ್ನಾಸಪ್ಪನವರು ಬಾಯಿ ತೆರೆದರು. ನಮ್ಮೆಲ್ಲರ ಜೀವ ಬಾಯಿಗೆ ಬಂತು. ಆ ಒಂದು ಹೆಸರು ಅವರ ಬಾಯಿಂದ ಹೊರಗೆ ಬಂದರೆ ಊರಿನ ಅಡುಗೆಮನೆಗಳೆಲ್ಲ ಖಾಲಿಯಾಗುತ್ತಿದ್ದವು. ಕೊನೆಗೆ ಒಲೆಯ ಮೇಲೆ ಆಗಲೇ ಕುದಿಯುತ್ತಿದ್ದ ಮಣ್ಣಿನ ಮಡಕೆಯಿಂದ ಸೌಟಿನಲ್ಲಿ ಸಾರು ತೆಗೆದು ನಾಲಿಗೆಗೆ ಹಚ್ಚಿ, "ಉಪ್ಪು ಕಮ್ಮಿ" ಎಂದು ಹೇಳಿ ಒಳಗೆ ಹೋದರು. ಒಳಗಿನಿಂದ ಬಹಳ ಹೊತ್ತು ಮೂಗು ಸೀಟುವ ಸದ್ದು ಬರುತ್ತಿತ್ತು.

ಮರುವಾರ ಅವರು ಗಂಟೆಯನ್ನು ಗಾಡಿಗೆ ಏರಿಸಿ ತಾವೇ ಹೊಡೆದುಕೊಂಡು ದೂರದ ಕಂಚುಗಾರರ ಊರಿಗೆ ಹೋದರು. ಹತ್ತು ದಿನ ಬಿಟ್ಟು ಗಂಟೆಯಿಲ್ಲದೆ ಬಂದರು. ಗಾಡಿಯಲ್ಲಿ ಹುಲ್ಲು ಮುಚ್ಚಿದ ಏನೋ ಮೂಟೆಗಳಿದ್ದವು. ದೇವರ ಗಂಟೆ ಮಾರಿಕೊಂಡ ಎಂದು ಜನ ಆಡಿಕೊಂಡರು. ಅಷ್ಟೇ ಅಲ್ಲ, ಆಮೇಲೆ ಐದು ಭಾನುವಾರ ಪೂಜೆಗೂ ಬರಲಿಲ್ಲ. ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಪೂಜೆ ತಪ್ಪಿಸುವುದೆಂದರೆ ಏನು! ಮೊದಲ ಬೆಂಚು ಖಾಲಿ ಹೊಡೆಯುತ್ತಿತ್ತು. "ಹೆಂಡ್ತಿ ಜೊತೆಗೆ ಭಕ್ತೀನೂ ಮಣ್ಣಾಯ್ತು" ಎಂದರು ಮೇಷ್ಟ್ರು. ಜ್ಞಾನಪ್ರಕಾಶ ಸ್ವಾಮಿಗಳು ಮಾತಾಡಿಸಲು ಹೋದರೆ, "ಕೆಲಸ ಇದೆ ಸ್ವಾಮಿ" ಎಂದಷ್ಟೇ ಹೇಳಿ ಕಳಿಸಿದರಂತೆ. ಐಶ್ವರ್ಯವಂತರನ್ನು ಹೊಗಳುವ ಊರಾಗಿದ್ದರೂ ಅಷ್ಟು ಹೊತ್ತಿಗೆ ಅವರ ಮಾನ ಹರಾಜಾಗುತ್ತಿತ್ತು. ನಮ್ಮೂರಿನಲ್ಲಂತೂ ಕೇಳುವುದೇ ಬೇಡ.

ಇಲ್ಲಿ ಒಂದು ಉಸಿರು ಎಳೆದುಕೊಳ್ಳುತ್ತೇನೆ. ಹ್ಞಾಂ.

ಈಗ ಬೇರೆ ವಿಷಯ. ಪೂಜೆಯ ಹೊತ್ತಿನಲ್ಲಿ ಊರೆಲ್ಲ ಚರ್ಚಿನ ಒಳಗಿದ್ದರೆ ನಾನೊಬ್ಬಳು ಹುಣಸೆಮರದ ಕೆಳಗೆ ಇರುತ್ತೇನೆ. ಸ್ವಾಮಿಗಳ ದನಿ ಕಿಟಕಿಯಿಂದ ಕೇಳುತ್ತದೆ, ಕಣ್ಣು ಬೀದಿಯ ಕಡೆ ಇರುತ್ತದೆ. ಆ ತಪಸ್ಸು ಕಾಲದ ಎರಡನೇ ಭಾನುವಾರ ಬೀದಿಯಲ್ಲಿ ಒಬ್ಬರು ಬರುತ್ತಿದ್ದರು. ಯಾರು ಎಂದು ಕೇಳಬೇಡಿ. ಹೆಗಲ ಮೇಲೆ ಮೂಟೆ, ಚಪ್ಪಲಿ ಕಂಕುಳಲ್ಲಿ, ಬೆವರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಒಂದೊಂದು ಬಾಗಿಲ ಮುಂದೆ ಉಸ್ಸೆಂದು ಬಗ್ಗಿ, ಮೂಟೆಯಿಂದ ಒಂದು ಕಂಚಿನ ಬಟ್ಟಲು ತೆಗೆದು, ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಇಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ಮಾರ್ಥಮ್ಮನ ಮನೆ ಮುಗಿಯಿತು, ನನ್ನ ಮನೆ ಬಂತು. ನನ್ನ ಆಡು ಮ್ಯಾ ಎಂದಿತು. ಅವರು ಬೆಚ್ಚಿ ತಲೆ ಎತ್ತಿದರು. ಮರದ ಕೆಳಗೆ ಸುತ್ತಿಗೆ ಹಿಡಿದು ನಿಂತ ನಾನು ಅವರ ಕಣ್ಣಿಗೆ ಬಿದ್ದೆ.

ಅಯ್ಯೋ, ಆ ಮುಖ! ಕದ್ದು ಸಿಕ್ಕಿಬಿದ್ದವರೂ ಹಾಗೆ ಹೆದರುವುದಿಲ್ಲ. ಊರಿನಲ್ಲಿ ಬೇರೆ ಯಾರ ಕಣ್ಣಿಗೆ ಬಿದ್ದಿದ್ದರೂ ನಡೆಯುತ್ತಿತ್ತು, ಬಿದ್ದದ್ದು ನನ್ನ ಕಣ್ಣಿಗೆ. ಬೊಂಬಾಯಿಯ ಕಣ್ಣಿಗೆ! ಅವರು ಎರಡು ಕೈ ಜೋಡಿಸಲು ಹೋದರು, ಕೈಯಲ್ಲಿ ಬಟ್ಟಲು ಇತ್ತು, ಆಗಲಿಲ್ಲ. ನಾನು ಬೆನ್ನು ತಿರುಗಿಸಿ, "ಥೂ, ಈ ಮರದ ತುಂಬಾ ಇರುವೆ!" ಎಂದು ಗಟ್ಟಿಯಾಗಿ ಹೇಳಿಕೊಂಡು ತೊಗಟೆಯನ್ನು ನೋಡುತ್ತಾ ನಿಂತೆ. ಬಹಳ ಹೊತ್ತು ನಿಂತೆ. ಪೂಜೆಯಲ್ಲಿ ಹಳಿ ಹೊಡೆಯಬೇಕಾದ ಜಾಗವೂ ತಪ್ಪಿಹೋಯಿತು, ಸ್ವಾಮಿಗಳು ಆಮೇಲೆ ನನ್ನನ್ನು ಗದರಿಸಿದರು.

ಅಲ್ಲಿಂದ ಪಾಸ್ಕದವರೆಗೆ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಮಾತು ತುದಿ ನಾಲಿಗೆಯ ಮೇಲೆ ಬಂದು ಕುಣಿಯುತ್ತಿತ್ತು. ಬಾಯಲ್ಲಿ ಒಂದು ಅವರೆಕಾಳು ಇಟ್ಟುಕೊಂಡು ಓಡಾಡಿದೆ. ಮಾತಾಡಲು ಹೋದರೆ ಕಾಳು ನೆನಪಿಸುತ್ತಿತ್ತು. ಆಡಿನ ಕಿವಿಯಲ್ಲಾದರೂ ಹೇಳಿ ಹಗುರಾಗೋಣ ಎಂದು ಬಗ್ಗಿದವಳು, ಆಡಿಗೆ ಹೇಳಿದರೂ ಉಸಿರು ಉಸಿರೇ ಅಲ್ಲವೇ ಎಂದು ಹಿಂದೆ ಸರಿದೆ. ಇನ್ನೊಂದು ಸಲ ನನ್ನಿಂದ ಹಾಗೆ ಆದರೆ ದೇವರು ಕ್ಷಮಿಸಿದರೂ ನಾನು ಕ್ಷಮಿಸಿಕೊಳ್ಳುತ್ತಿರಲಿಲ್ಲ. ಊರಿನಲ್ಲಿ ಮಾತ್ರ ಭಾನುವಾರ ಭಾನುವಾರ ಬೈಗುಳದ ಹಬ್ಬ. "ಯಾವ ತಲೆಕೆಟ್ಟೋನು ಇಟ್ಟಿದ್ದು ಈ ಬಟ್ಲು!" "ಅವನ ಕೈಗೆ ಕೆಲಸ ಇಲ್ವೇನೋ!" "ಇಷ್ಟು ದಪ್ಪ ಬಟ್ಲು ತೊಳೆಯೋರ್ಯಾರು!" ಎಂದು ಬೀದಿ ಬೀದಿಯೇ ಕೂಗುತ್ತಿತ್ತು. ಅರವತ್ತಮೂರು ಮನೆಗೂ ಬಂತು. ಕುಂಟನ ಗುಡಿಸಲಿಗೂ ಬಂತು, ಸ್ವಾಮಿಗಳ ಬಂಗಲೆಗೂ ಬಂತು.

ಪಾಸ್ಕ ಹಬ್ಬದ ಬೆಳಿಗ್ಗೆ ನಮ್ಮಲ್ಲಿ ಚರ್ಚಿನ ಹಿಂದೆ ದೊಡ್ಡ ಒಲೆ ಹೂಡಿ ಪಾಯಸ ಮಾಡುತ್ತಾರೆ, ಪೂಜೆ ಮುಗಿದ ಕೂಡಲೇ ಎಲ್ಲರಿಗೂ ಹಂಚುತ್ತಾರೆ. ಹಾಗಾಗಿ ಎಲ್ಲರೂ ಒಂದು ಬಟ್ಟಲು, ಒಂದು ಚಮಚ ಹಿಡಿದೇ ಬರುವುದು. ಆ ವರ್ಷ ಯಾವ ಬಟ್ಟಲು ತಂದಿದ್ದರು ಎಂದು ಬೇರೆ ಹೇಳಬೇಕೆ? ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಫಳಫಳ ಮಾಡಿಕೊಂಡು ತಂದಿದ್ದರು. ಯೇಸುಸ್ವಾಮಿಯ ಮರಣದ ದುಃಖಕ್ಕೆ ಶುಭ ಗುರುವಾರದಿಂದ ಅಲ್ಲಿಯವರೆಗೆ ಹಳಿ ಹೊಡೆಯುವ ಹಾಗಿಲ್ಲ. ಪಾಸ್ಕದ ಪೂಜೆಯಲ್ಲಿ ಸ್ವಾಮಿಗಳು ಮಹಿಮಾ ಗೀತೆ ಎತ್ತಿಕೊಂಡಾಗಲೇ ಮತ್ತೆ ಹೊಡೆಯಬೇಕು. ಸ್ವಾಮಿಗಳು ಎತ್ತಿಕೊಂಡರು. ನಾನು ಸುತ್ತಿಗೆ ಎತ್ತಿ ಒಂದೇ ಏಟು ಹಾಕಿದೆ, ತುಕ್ಕು ಹಿಡಿದ ಕೊಂಡಿ ಪಟ್ಟೆಂದು ಮುರಿದು ಹಳಿ ದೊಪ್ಪನೆ ಮಣ್ಣಿಗೆ ಬಿತ್ತು.

ಒಳಗೆ ಸ್ವಾಮಿಗಳು ಕೈ ಎತ್ತಿಕೊಂಡೇ ಕಾಯುತ್ತಿದ್ದರು. ಸದ್ದಿಲ್ಲ. ಮರದ ಬುಡದಲ್ಲಿ ನನ್ನ ಬಟ್ಟಲು ಕಂಡಿತು. ಎತ್ತಿಕೊಂಡು ಬಾಗಿಲಿಗೆ ಓಡಿ, ಚಮಚದಿಂದ ಅಂಚಿಗೆ ಹೊಡೆದೆ. ಠಣ್ ಎಂದಿತು! ನಾನು ಹದಿಮೂರು ದಿನ ಹಗ್ಗ ಎಳೆದವಳು, ಆ ದನಿ ನನಗೆ ಗೊತ್ತಿಲ್ಲವೇ? ಅದೇ ದನಿ, ಚಿಕ್ಕದಾಗಿತ್ತು ಅಷ್ಟೇ. ಹೆಂಗಸರ ಸಾಲಿನಿಂದ ಮಾರ್ಥಮ್ಮ ತನ್ನ ಬಟ್ಟಲು ಹೊಡೆದಳು. ಮೇಷ್ಟ್ರು ಹೊಡೆದರು, ಮೆಟ್ಟಿಲ ಮೇಲಿನ ಕುಂಟ ಹೊಡೆದ, ಮಕ್ಕಳು ಹುಚ್ಚೆದ್ದು ಹೊಡೆದವು. ಅರವತ್ತಮೂರು ಬಟ್ಟಲೂ ಒಟ್ಟಿಗೆ ಮೊಳಗಿದಾಗ ಮಾಡಿನ ಹೆಂಚು ಗಲಗಲ ಅಂದಿತು, ಪಾರಿವಾಳಗಳೆಲ್ಲ ಎದ್ದು ಹೋದವು. ಒಂದು ಪಾಸ್ಕಕ್ಕಾದರೂ ಕಂಚಿನ ಸದ್ದು ಕೇಳಬೇಕು ಎಂದಿದ್ದರು ನನ್ನ ಗೆಳತಿ ಲೂರ್ದಮ್ಮ. ಗಂಟೆ ಎಂದು ಅವರು ಹೇಳಿರಲೇ ಇಲ್ಲ. ಅದು ಆ ಕ್ಷಣದಲ್ಲಿ ನನಗೆ ಹೊಳೆಯಿತು, ನಾನು ಅಳುತ್ತಾ ಹೊಡೆದೆ.

ಇನ್ನೊಂದು ಉಸಿರು.

ಇನ್ನಾಸಪ್ಪನವರು ಆ ದಿನ ಪೂಜೆಗೆ ಬಂದಿದ್ದರು. ಮೊದಲ ಬೆಂಚಿಗೆ ಹೋಗಿರಲಿಲ್ಲ. ಬಾಗಿಲ ಹಿಂದೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದರು, ಯಾರೂ ಅವರಿಗೆ ಜಾಗ ಬಿಟ್ಟುಕೊಟ್ಟಿರಲಿಲ್ಲ. ಎರಡೂ ಕಿವಿಗೆ ಕೈ ಅಡ್ಡ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೀಸೆ ಒದ್ದೆಯಾಗಿತ್ತು.

ಸದ್ದು ಅಡಗಿದ ಮೇಲೆ ಜ್ಞಾನಪ್ರಕಾಶ ಸ್ವಾಮಿಗಳು ತಮ್ಮ ಕೈಯಲ್ಲಿದ್ದ ಬಟ್ಟಲನ್ನು ಎತ್ತಿ ಹಿಡಿದು, "ಇದನ್ನೆಲ್ಲ ಕೊಟ್ಟವರು ಯಾರು?" ಎಂದರು. ಇಡೀ ಚರ್ಚು ಒಂದೇ ಬಾಯಲ್ಲಿ, "ಗೊತ್ತಿಲ್ಲ!" ಎಂದಿತು. ಎಷ್ಟು ಜನಕ್ಕೆ ನಿಜವಾಗಿ ಗೊತ್ತಿರಲಿಲ್ಲವೋ ನಾನು ಹೇಳಲಾರೆ, ನಮ್ಮೂರಿನವರು ಪೆದ್ದರಲ್ಲ. ಸ್ವಾಮಿಗಳಿಗೂ ಅಷ್ಟರಲ್ಲಿ ಊರಿನ ಬುದ್ಧಿ ಬಂದಿತ್ತು. ಗಂಭೀರವಾಗಿ, "ಯಾವ ಕತ್ತೆಯೋ ಏನೋ" ಎಂದರು. ಮಾರ್ಥಮ್ಮ ಎದ್ದು ನಿಂತು, "ತಲೆಕೆಟ್ಟ ಮುಂಡೇದು!" ಎಂದಳು. ಆಗ ಹಿಂದಿನಿಂದ, ಚಪ್ಪಲಿಗಳ ನಡುವಿನಿಂದ, ಒಂದು ಗಡಸು ದನಿ ಬಂತು. "ಹೌದು ಹೌದು. ಬುದ್ಧಿಗೆಟ್ಟ ನನ್ಮಗ!" ಎಂದರು ಇನ್ನಾಸಪ್ಪನವರು. ಹೇಳಿ ನಕ್ಕರು. ನಗು ನಿಲ್ಲಿಸಲಾರದೆ ಗೋಡೆ ಹಿಡಿದುಕೊಂಡರು.

ಪಾಯಸ ಹಂಚುವಾಗ ಎಲ್ಲರ ಕೈಯಲ್ಲೂ ಬಟ್ಟಲಿತ್ತು, ಅವರೊಬ್ಬರ ಕೈ ಖಾಲಿ. ತನಗೆಂದು ಒಂದೂ ಇಟ್ಟುಕೊಳ್ಳದ ಮನುಷ್ಯ ಎಂದು ನನ್ನ ಮನಸ್ಸಿಗೆ ಬಂತು, ಬಾಯಿಗೆ ಬಿಡಲಿಲ್ಲ. ನನ್ನ ಬಟ್ಟಲಿಗೇ ಅಂಚಿನವರೆಗೆ ಪಾಯಸ ಸುರಿದು ಅವರ ಕೈಗೆ ಇಟ್ಟೆ. ಕೊಟ್ಟದ್ದಲ್ಲ, ಎರವಲು. ಅವರು ನಿಂತಲ್ಲೇ ಒಂದು ಗುಟುಕು ಕುಡಿದು, ಇನ್ನೊಂದು ಕುಡಿದು, ನನ್ನ ಮುಖ ನೋಡಿದರು. ಬದುಕಿನಲ್ಲಿ ಎಲ್ಲರಿಂದಲೂ ವಂದನೆ ಕಾದು ಕೂತಿದ್ದ ಮನುಷ್ಯ, ಯಾರಿಗೂ ನಮ್ಮೂರಿನ ಬೈಗುಳದ ವಂದನೆ ಹೇಳಿರದ ಮನುಷ್ಯ, ಬೀದಿಗೆಲ್ಲ ಕೇಳುವಂತೆ ಕೂಗಿದರು. "ಏನಮ್ಮಾ ಇದು, ಪಾಯಸವೋ ಕಲಗಚ್ಚೋ? ನಿನ್ನ ಕೈ ಸೇದಿಹೋಗ!"

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಅಷ್ಟು ಪ್ರೀತಿಯಿಂದ ಬೈದಿರಲಿಲ್ಲ.

ಬಟ್ಟಲು ಈಗಲೂ ನನ್ನ ಗೋಡೆಯ ಗೂಡಿನಲ್ಲಿದೆ. ಹಳಿ ಬಿದ್ದಲ್ಲೇ ಬಿದ್ದಿದೆ, ಅದನ್ನು ಮತ್ತೆ ಕಟ್ಟಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ಒಂದು ಸಲ ಠಣ್ ಅನ್ನಿಸಿದರೆ, ಮನೆ ಮನೆಯಿಂದ ಉತ್ತರ ಬರುತ್ತದೆ, ಜನ ಪೂಜೆಗೆ ಹೊರಡುತ್ತಾರೆ. ನಾನು ಹೇಳಬೇಕಾದ್ದೆಲ್ಲ ಹೇಳಿದೆ, ಹೇಳಬಾರದ್ದನ್ನು ಒಂದೇ ಉಸಿರಿನಲ್ಲಿ ಹೇಳಲಿಲ್ಲ, ನೀವೇ ಸಾಕ್ಷಿ. ಇನ್ನು ನಿಮ್ಮ ಬಾಯಿ ನಿಮ್ಮ ಕೈಯಲ್ಲಿದೆ. ನಾಳೆ ಬೆಳಿಗ್ಗೆ ಏಳುವಾಗ ಗೂಡಿನಲ್ಲಿ ಬಟ್ಟಲು ಕಾಣದಿದ್ದರೆ, ಬಾಯಿ ಬಿಟ್ಟವರು ಯಾರು ಎಂದು ನಾನು ಬೇರೆಲ್ಲೂ ಹುಡುಕಲು ಹೋಗುವುದಿಲ್ಲ.